ಜನರಲ್ ಎದುರು ಹ್ಯಾಮ್‌ಟಾರೋ

2018ರ ಜನವರಿ 8. ಬ್ಯಾಂಕಾಕ್‌ನ ಸರ್ಕಾರಿ ಭವನದಲ್ಲಿ ಪತ್ರಕರ್ತರು ಮೈಕು ಹಿಡಿದು ಕಾದಿದ್ದರು. ಪ್ರಧಾನಿ ಪ್ರಯುತ್ ಚಾನ್ ಒಚಾ ಬಂದು ನಾಲ್ಕು ಮಾತಾಡಿದರು. ರಾಜಕೀಯದ ಪ್ರಶ್ನೆಗಳು ಶುರುವಾಗುವ ಹೊತ್ತಿಗೆ ಸಹಾಯಕರು ಅವರದೇ ಆಳೆತ್ತರದ ಕಟೌಟ್ ತಂದು ಮೈಕಿನ ಮುಂದೆ ನಿಲ್ಲಿಸಿದರು. ಕೇಳುವುದಿದ್ದರೆ ಇವನನ್ನು ಕೇಳಿಕೊಳ್ಳಿ ಎಂದು ಹೇಳಿ, ಕೈಬೀಸಿ ಪ್ರಧಾನಿ ಹೊರಟೇಹೋದರು. ಕಟೌಟ್ ನಮಗೇನೂ ಹೊಸದಲ್ಲ. ಆದರೆ ನಮ್ಮಲ್ಲಿ ಅದು ನಾಯಕರನ್ನು ಬರಮಾಡಿಕೊಳ್ಳಲು ಏಳುತ್ತದೆ; ಅಲ್ಲಿ ನಾಯಕರು ಜಾರಿಕೊಳ್ಳಲು ನೆರವಾಯಿತು.

ಆ ಕಟೌಟ್ ಮಾಡಿಸಿದ್ದು ಮಕ್ಕಳ ದಿನಾಚರಣೆಗೆ. ಥಾಯ್ಲೆಂಡಿನಲ್ಲಿ ಜನವರಿಯ ಎರಡನೇ ಶನಿವಾರ ಮಕ್ಕಳ ದಿನ. ಅಂದು ಸೇನಾ ನೆಲೆಗಳ ಬಾಗಿಲು ತೆರೆಯುತ್ತದೆ, ಮಕ್ಕಳು ಟ್ಯಾಂಕ್ ಹತ್ತಿ ಕೂರುತ್ತಾರೆ, ಅಪ್ಪ ಅಮ್ಮ ಫೋಟೊ ತೆಗೆಯುತ್ತಾರೆ. ಶಾಲೆಗೆ ಸೇರಿದರೆ ಹುಡುಗರಿಗೆ ಸಿಪಾಯಿಗಳ ಹಾಗೆ ಮೋಟು ಕೂದಲು ಕಡ್ಡಾಯವಾಗಿತ್ತು. 1972ರ ಸೇನಾ ಆಡಳಿತ ಹೊರಡಿಸಿದ ಆಜ್ಞೆಯ ಬಲದಲ್ಲಿ ಬಂದ ಈ ನಿಯಮ ಸಡಿಲವಾದದ್ದು 2020ರಲ್ಲಿ. ಬೆಳಗ್ಗೆ 8ಕ್ಕೆ ಧ್ವಜ ಏರುವಾಗ ಅಲುಗಾಡದೆ ನಿಲ್ಲಬೇಕು. 21 ತುಂಬಿದ ಗಂಡುಮಕ್ಕಳಿಗೆ ಏಪ್ರಿಲ್‌ನಲ್ಲಿ ಲಾಟರಿ: ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಬೇಕು. ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಬ್ಯಾರಕ್ಕಿಗೆ. ಅಲ್ಲಿ ಸೇನೆಯೆಂದರೆ ಗಡಿಯಲ್ಲಿರುವ ಸಂಗತಿಯಲ್ಲ, ಮನೆಯ ಹಿರಿಯನ ಹಾಗೆ ಎಲ್ಲದರಲ್ಲೂ ಬಾಯಿ ಹಾಕುವ ಸಂಸ್ಥೆ.

1932ರಲ್ಲಿ ರಾಜರ ನಿರಂಕುಶ ಆಳ್ವಿಕೆ ಮುಗಿದ ಮೇಲೆ ಈ ದೇಶ ಹತ್ತಕ್ಕೂ ಹೆಚ್ಚು ಯಶಸ್ವಿ ಸೇನಾ ದಂಗೆಗಳನ್ನು ಕಂಡಿದೆ. 2014ರ ಮೇ 22ರದ್ದು ಪ್ರಯುತ್ ಅವರದು. ಆಗ ಅವರು ಭೂಸೇನೆಯ ಮುಖ್ಯಸ್ಥರು. ಅಧಿಕಾರ ಹಿಡಿದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಜನರಿಗೆ ‘ಸಂತೋಷ ಮರಳಿ ಕೊಡುವ’ ಅಭಿಯಾನ. ಪ್ರಯುತ್ ಬರೆದರೆನ್ನಲಾದ ಹಾಡು ಹೊರಬಂತು. ಐತಿಹಾಸಿಕ ರಾಜ ನರೇಸುವಾನನ ಸಿನಿಮಾಗೆ ಉಚಿತ ಪ್ರವೇಶ ಸಿಕ್ಕಿತು. ಶುಕ್ರವಾರ ಸಂಜೆಗಳಲ್ಲಿ ಟೀವಿಯಲ್ಲಿ ಜನರಲ್ ಭಾಷಣ ಬರತೊಡಗಿತು. ಶಾಲಾ ಮಕ್ಕಳು ಬಾಯಿಪಾಠ ಮಾಡಲು ಹನ್ನೆರಡು ಮೌಲ್ಯಗಳ ಪಟ್ಟಿ ಬಂತು, ಆ ಮೌಲ್ಯಗಳಿಗೆ ಲೈನ್ ಆ್ಯಪ್‌ನ ಸ್ಟಿಕ್ಕರ್‌ಗಳೂ ಬಂದವು. ಮನರಂಜನೆಯ ಬಲ ಏನೆಂಬುದು ವಿದ್ಯಾರ್ಥಿಗಳಿಗಿಂತ ಮೊದಲೇ ಸೇನೆಗೆ ಗೊತ್ತಿತ್ತು ಎಂದು ನನಗನಿಸುತ್ತದೆ. ಗೊತ್ತಿರದಿದ್ದದ್ದು ಒಂದೇ: ಹುಡುಗರು ಮನಸಾರೆ ಮೆಚ್ಚಿ ಬೆಳೆದದ್ದು ಸರ್ಕಾರ ಕೊಟ್ಟ ಹಾಡು, ಸಿನಿಮಾಗಳನ್ನಲ್ಲ.

ಆ ವರ್ಷ ಐದು ಅಥವಾ ಅದಕ್ಕಿಂತ ಹೆಚ್ಚು ಜನ ರಾಜಕೀಯಕ್ಕಾಗಿ ಸೇರುವಂತಿರಲಿಲ್ಲ. ಜನ ಮಾಲುಗಳಲ್ಲಿ, ರೈಲು ನಿಲ್ದಾಣಗಳ ಬಳಿ ಸುಮ್ಮನೆ ಮೂರು ಬೆರಳೆತ್ತಿದರು. ‘ದಿ ಹಂಗರ್ ಗೇಮ್ಸ್’ ಕಾದಂಬರಿ, ಸಿನಿಮಾಗಳಲ್ಲಿ ದಬ್ಬಾಳಿಕೆಗೆ ಸಿಕ್ಕ ಪ್ರಾಂತ್ಯದವರು ಮಾಡುವ ವಂದನೆ ಅದು. ಅದನ್ನೂ ಸೇನೆ ಅಪರಾಧವೆಂದು ಬಗೆಯಿತು. ನವೆಂಬರ್‌ನಲ್ಲಿ ಖೋನ್ ಕೇನ್‌ನಲ್ಲಿ ಪ್ರಯುತ್ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ಎದ್ದು ನಿಂತು ಬೆರಳೆತ್ತಿದರು, ಅವರನ್ನು ಹಿಡಿದೊಯ್ದರು. ಅದೇ ವಾರ ಸರಣಿಯ ಹೊಸ ಚಿತ್ರ ಬಿಡುಗಡೆಯಾಗಬೇಕಿತ್ತು. ಬ್ಯಾಂಕಾಕ್‌ನ ಒಂದು ಚಿತ್ರಮಂದಿರ ಸಮೂಹ ಅದರ ಪ್ರದರ್ಶನವನ್ನೇ ಕೈಬಿಟ್ಟಿತು. ಸಿನಿಮಾ ಕಂಡು ಸರ್ಕಾರ ಬೆವರಿತೆಂದರೆ ಸಿನಿಮಾದ ಕಥೆ ಊರಿಗೆಲ್ಲ ಅರ್ಥವಾದಂತೆಯೇ.

ಅಷ್ಟರಲ್ಲಿ ಗಂಭೀರವಾದ ಕೆಲಸ ಕಾಗದದ ಮೇಲೆ ನಡೆಯುತ್ತಿತ್ತು. 2017ರ ಸಂವಿಧಾನದ ಪ್ರಕಾರ ಚುನಾಯಿತ ಕೆಳಮನೆಯ 500 ಸದಸ್ಯರ ಜೊತೆಗೆ, ಸೇನಾ ಆಡಳಿತ ಆರಿಸಿದ 250 ಸೆನೆಟರ್‌ಗಳೂ ಮೊದಲ ಐದು ವರ್ಷ ಪ್ರಧಾನಿಯ ಆಯ್ಕೆಗೆ ಮತ ಹಾಕಬಹುದಿತ್ತು. ಅಂದರೆ ಸೇನೆಗೆ ಒಲಿದವರಿಗೆ ಕೆಳಮನೆಯಲ್ಲಿ 126 ಜನ ಸಿಕ್ಕರೂ ಸಾಕಿತ್ತು. 2019ರ ಚುನಾವಣೆಯ ನಂತರ ಒಬ್ಬರ ಹೊರತು ಎಲ್ಲ ಸೆನೆಟರ್‌ಗಳೂ ಪ್ರಯುತ್‌ಗೇ ಮತ ಹಾಕಿದರು. ಸಮವಸ್ತ್ರ ಕಳಚಿದ ಜನರಲ್ ‘ಚುನಾಯಿತ’ ಪ್ರಧಾನಿಯಾದರು. ಯುವಕರು ನೆಚ್ಚಿದ ಫ್ಯೂಚರ್ ಫಾರ್ವರ್ಡ್ ಪಕ್ಷವನ್ನು 2020ರ ಫೆಬ್ರುವರಿಯಲ್ಲಿ ಸಂವಿಧಾನ ನ್ಯಾಯಾಲಯ ವಿಸರ್ಜಿಸಿತು.

ಬೀದಿಗಿಳಿಯಲು ಅಷ್ಟು ಸಾಕಾಯಿತು. ಕೊರೊನಾ ನಡುವೆ ಸ್ವಲ್ಪ ಉಸಿರಾಡುವಂತಾದ ಜುಲೈನಲ್ಲಿ ಮೂರು ಬೇಡಿಕೆ ಹೊರಬಂದವು: ಸಂಸತ್ತು ವಿಸರ್ಜಿಸಿ, ಹೊಸ ಸಂವಿಧಾನ ಬರೆಯಿರಿ, ದನಿ ಎತ್ತಿದವರನ್ನು ಕಾಡುವುದನ್ನು ನಿಲ್ಲಿಸಿ. ಜುಲೈ 26ರಂದು ಬ್ಯಾಂಕಾಕ್‌ನ ಪ್ರಜಾಪ್ರಭುತ್ವ ಸ್ಮಾರಕದ ಸುತ್ತ ಯುವಜನ ಓಡತೊಡಗಿದರು. ಹಾಡುತ್ತಿದ್ದದ್ದು ‘ಹ್ಯಾಮ್‌ಟಾರೋ’ ಎಂಬ ಜಪಾನಿ ಕಾರ್ಟೂನಿನ ಶೀರ್ಷಿಕೆ ಗೀತೆ. 2000ದಲ್ಲಿ ಜಪಾನಿನಲ್ಲಿ ಶುರುವಾದ ಈ ಸರಣಿಯ ನಾಯಕ ಒಂದು ಪುಟ್ಟ ಹ್ಯಾಮ್‌ಸ್ಟರ್. ಅದಕ್ಕೆ ಸೂರ್ಯಕಾಂತಿ ಬೀಜವೆಂದರೆ ಪ್ರಾಣ. ಪ್ರತಿಭಟನಕಾರರು ಬೀಜದ ಜಾಗದಲ್ಲಿ ಜನರ ತೆರಿಗೆ ಹಣವನ್ನು ಕೂರಿಸಿ ಹಾಡಿದರು. ಮೂವತ್ತರ ಒಳಗಿನ ಯಾರಿಗೂ ಅದರ ರಾಗ ಹೇಳಿಕೊಡಬೇಕಿರಲಿಲ್ಲ. ನಾಯಕರಿಲ್ಲದ ಗುಂಪಿಗೆ ಇದಕ್ಕಿಂತ ಅನುಕೂಲ ಇನ್ನೇನು?

ಓಡಿದ ಜಾಗದ ಕಥೆ ಇನ್ನೂ ಸ್ವಾರಸ್ಯಕರ. ಪ್ರಜಾಪ್ರಭುತ್ವ ಸ್ಮಾರಕವನ್ನು ಕಟ್ಟಿಸಿದ್ದು ಒಬ್ಬ ಸೇನಾಧಿಕಾರಿಯೇ, ಅಂದಿನ ಪ್ರಧಾನಿ ಪಿಬುನ್ ಸೊಂಗ್‌ಖ್ರಾಮ್. 1940ರಲ್ಲಿ ಉದ್ಘಾಟನೆಯಾಯಿತು. ನಡುವೆ ತಟ್ಟೆಯ ಮೇಲೆ ಸಂವಿಧಾನದ ಪ್ರತಿಕೃತಿ, ಸುತ್ತ 24 ಮೀಟರ್ ಎತ್ತರದ ನಾಲ್ಕು ರೆಕ್ಕೆಗಳು. ಏಕೆಂದರೆ 1932ರ ಕ್ರಾಂತಿ ನಡೆದದ್ದು ಜೂನ್ 24ರಂದು. ಸುತ್ತಲೂ 75 ಫಿರಂಗಿಗಳನ್ನು ಹೂತಿದ್ದಾರೆ, ಅದೇ ವರ್ಷವಾದ ಬೌದ್ಧ ಶಕೆ 2475ರ ಗುರುತಿಗೆ. ಬುಡದ ಉಬ್ಬುಶಿಲ್ಪಗಳಲ್ಲಿ ಪ್ರಜಾಪ್ರಭುತ್ವ ತರುವವರು ಮುಖ್ಯವಾಗಿ ಸೈನಿಕರು. ಪ್ರಜಾಪ್ರಭುತ್ವ ಸೇನೆ ಕೊಟ್ಟ ಉಡುಗೊರೆ ಎಂಬ ವಾದವನ್ನು ಕಲ್ಲು, ಸಿಮೆಂಟಿನಲ್ಲಿ ಕಟ್ಟಿಟ್ಟಿದ್ದಾರೆ. 1973ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳು ಲಕ್ಷಗಟ್ಟಲೆ ಸೇರಿ ಈ ಸ್ಮಾರಕವನ್ನು ತಮ್ಮದಾಗಿಸಿಕೊಂಡರು, ಸರ್ವಾಧಿಕಾರಿ ಥನೋಮ್ ದೇಶ ಬಿಟ್ಟರು. ಮೂರೇ ವರ್ಷಕ್ಕೆ, 1976ರ ಅಕ್ಟೋಬರ್ 6ರಂದು, ಥಮ್ಮಸಾತ್ ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿಗಳ ಹತ್ಯಾಕಾಂಡ ನಡೆಯಿತು. ಈ ನೆನಪಿರುವ ಊರಿನಲ್ಲಿ ಹ್ಯಾಮ್‌ಸ್ಟರ್ ಹಾಡು ಹಾಡುವುದನ್ನು ಬರೀ ಹುಡುಗಾಟ ಎನ್ನಲಾಗದು. ಕಾರ್ಟೂನ್ ಹಾಡುತ್ತ ಓಡುವವರ ಮೇಲೆ ಗುಂಡು ಹಾರಿಸಿದರೆ ಹಾರಿಸಿದವರದೇ ಮಾನ ಹೋಗುತ್ತದೆ.

ಆಗಸ್ಟ್ 3ರಂದು ಅದೇ ಸ್ಮಾರಕದ ಬಳಿ ಹ್ಯಾರಿ ಪಾಟರ್ ವೇಷ. ಮಂತ್ರದಂಡ, ಪೊರಕೆ, ಕಪ್ಪು ನಿಲುವಂಗಿ. ಮಾನವ ಹಕ್ಕುಗಳ ವಕೀಲ ಆನೋನ್ ನಂಪಾ ಅದೇ ವೇಷದಲ್ಲಿ ವೇದಿಕೆ ಏರಿ, ಅರಮನೆಯ ಅಧಿಕಾರದ ಬಗ್ಗೆ ಹೆಸರೆತ್ತಿ ಮಾತಾಡಿದರು. ಆ ಕಥೆಯಲ್ಲೂ ಹೆಸರು ಹೇಳಬಾರದ ಒಬ್ಬನಿದ್ದಾನೆ. ಕೇಳುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಪ್ರಶ್ನೆ ಮಾತ್ರ ಮಾಂತ್ರಿಕ ಲೋಕದ್ದಲ್ಲ. 2019ರ ಅಕ್ಟೋಬರ್‌ನಲ್ಲಿ ತುರ್ತು ಆಜ್ಞೆಯೊಂದರ ಮೂಲಕ ರಾಜಧಾನಿಯ ಎರಡು ಪದಾತಿ ರೆಜಿಮೆಂಟುಗಳನ್ನು ಸೇನೆಯ ಸಾಮಾನ್ಯ ಅಧೀನದಿಂದ ತೆಗೆದು ನೇರವಾಗಿ ಅರಮನೆಯ ಅಧೀನಕ್ಕೆ ಕೊಡಲಾಗಿತ್ತು. ರಾಜಧಾನಿಯ ಪಡೆ ಯಾರ ಕೈಯಲ್ಲಿದೆ ಎಂಬುದು ದಂಗೆಗಳ ದೇಶದಲ್ಲಿ ಮೊದಲ ಪ್ರಶ್ನೆ. ಅದನ್ನು ಸಂಸತ್ತಿನಲ್ಲಿ ವಿರೋಧಿಸಿದ್ದ ಫ್ಯೂಚರ್ ಫಾರ್ವರ್ಡ್ ಪಕ್ಷ ಆ ಹೊತ್ತಿಗೆ ಇರಲೇ ಇಲ್ಲ. ಹಾಗಾಗಿ ಅರಮನೆಯ ಮಾತನ್ನು ಬಯಲಲ್ಲಿ ಆಡುವ ಕೆಲಸ ನಿಲುವಂಗಿ ತೊಟ್ಟ ವಕೀಲರ ಪಾಲಿಗೆ ಬಂತು. ಥಾಯ್ ದಂಡಸಂಹಿತೆಯ 112ನೇ ಕಲಮಿನಡಿ ರಾಜನಿಂದನೆಯ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಸೆರೆ.

ಅಭಿಮಾನಿ ಸಂಘಗಳು ಹೊರಗಿನವರಿಗೆ ಹುಚ್ಚಾಟದಂತೆ ಕಾಣುತ್ತವೆ. ಒಳಗೆ ನೋಡಿದರೆ ಚಂದಾ ಎತ್ತುವವರು, ಲೆಕ್ಕ ಇಡುವವರು, ರಾತ್ರಿ ಹೊತ್ತಿಗೆ ಸುದ್ದಿ ಹಬ್ಬಿಸುವವರು ಎಲ್ಲ ಇರುತ್ತಾರೆ. ಅಕ್ಟೋಬರ್‌ನಲ್ಲಿ ಪ್ರತಿಭಟನೆ ತಡೆಯಲೆಂದು ಮೆಟ್ರೊ ನಿಲ್ದಾಣಗಳನ್ನು ಮುಚ್ಚಿದಾಗ, ಕೊರಿಯಾದ ಪಾಪ್ ತಾರೆಯರ ಹುಟ್ಟುಹಬ್ಬಕ್ಕೆ ಅಲ್ಲಿ ಜಾಹೀರಾತು ಹಾಕಿಸುತ್ತಿದ್ದ ಅಭಿಮಾನಿಗಳು ಇನ್ನು ಕೊಡುವುದಿಲ್ಲ ಎಂದರು. ಆ ದುಡ್ಡು ಟುಕ್‌ಟುಕ್ ಚಾಲಕರಿಗೆ ಹೋಯಿತು. ತಾರೆಯರ ಬ್ಯಾನರ್ ಆಟೊಗಳ ಹಿಂದೆ ಓಡಾಡಿತು. ಚಳವಳಿಗೆ ಹೆಲ್ಮೆಟ್, ಕನ್ನಡಕ ಒದಗಿಸಲೂ ಅವರೇ ಹಣ ಕೂಡಿಸಿದರು. ನವೆಂಬರ್ 17ರಂದು ಸಂಸತ್ತಿನ ಹೊರಗೆ ಪೊಲೀಸರು ಜಲಫಿರಂಗಿ ಹಾರಿಸಿದಾಗ, ನದಿಗೆ ತೇಲಿಬಿಡಲು ತಂದಿದ್ದ ಹಳದಿ ರಬ್ಬರ್ ಬಾತುಗಳೇ ಗುರಾಣಿಗಳಾದವು.

ಈ ಚಿತ್ರಗಳು ಜಗತ್ತಿನ ಪತ್ರಿಕೆಗಳಿಗೆ ಬಹಳ ಹಿಡಿಸಿದವು. ನನಗೆ ತಕರಾರಿರುವುದು ಅಲ್ಲೇ. ಬಾತು ಮುಖಪುಟಕ್ಕೆ ಬಂತು, ಬೇಡಿಕೆಗಳು ಒಳಪುಟ ಸೇರಿದವು. ಬಾಲ್ಯದ ಹಾಡು ಜನರನ್ನು ಬೀದಿಗೆ ತರಬಲ್ಲದು, ಹೆದರಿಕೆ ಕಳೆಯಬಲ್ಲದು, ಕಟೌಟ್ ಹಿಂದೆ ಅಡಗಿದವರನ್ನು ನಗೆಪಾಟಲು ಮಾಡಬಲ್ಲದು. 250 ಮತಗಳನ್ನು ಅದು ಕಳೆಯಲಾರದು.

2023ರ ಮೇ 14ರ ಚುನಾವಣೆಯಲ್ಲಿ ಅದೇ ತಲೆಮಾರು ನೆಚ್ಚಿದ ಮೂವ್ ಫಾರ್ವರ್ಡ್ ಪಕ್ಷ 151 ಸ್ಥಾನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಕಡ್ಡಾಯ ಸೇನಾ ಸೇವೆ ರದ್ದು ಮಾಡುತ್ತೇವೆಂಬುದು ಅದರ ಭರವಸೆಗಳಲ್ಲಿ ಒಂದು. ಜುಲೈ 13ರಂದು ಪ್ರಧಾನಿ ಆಯ್ಕೆಯ ಮತದಾನದಲ್ಲಿ ಅದರ ನಾಯಕ ಪಿಟಾ ಲಿಮ್‌ಜರೊನ್ರಾತ್‌ಗೆ ಬೇಕಿದ್ದದ್ದು 375, ಸಿಕ್ಕಿದ್ದು 324. ಸೆನೆಟ್‌ನಿಂದ ಬಂದದ್ದು 13. ಮರುವರ್ಷ ಆಗಸ್ಟ್‌ನಲ್ಲಿ ನ್ಯಾಯಾಲಯ ಆ ಪಕ್ಷವನ್ನೂ ವಿಸರ್ಜಿಸಿತು. 2020ರ ಅಕ್ಟೋಬರ್‌ನಲ್ಲಿ ಮಾಡಿದ ಭಾಷಣವೊಂದಕ್ಕಾಗಿ ಆನೋನ್ ನಂಪಾಗೆ 2023ರ ಸೆಪ್ಟೆಂಬರ್‌ನಲ್ಲಿ 4 ವರ್ಷ ಜೈಲು ಶಿಕ್ಷೆಯಾಯಿತು. ನಂತರದ ಪ್ರಕರಣಗಳು ಅದಕ್ಕೆ ವರ್ಷಗಳನ್ನು ಸೇರಿಸುತ್ತಲೇ ಹೋದವು. ಆ ತೀರ್ಪಿಗೆ ಎರಡು ತಿಂಗಳಾದ ಮೇಲೆ, ನವೆಂಬರ್‌ನಲ್ಲಿ, ಪ್ರಯುತ್ ಚಾನ್ ಒಚಾ ಅವರನ್ನು ರಾಜರ ಸಲಹಾ ಮಂಡಳಿಯ ಸದಸ್ಯರನ್ನಾಗಿ ನೇಮಿಸಲಾಯಿತು.