ಎಳೆಬಲೆ ಮೀನುಗಾರಿಕೆ: ನಿಯಮಗಳು ಮತ್ತು ಹೊಣೆಗಾರಿಕೆ

ಬೀದರ ಜಿಲ್ಲೆಗೆ ಸಮುದ್ರದ ದಂಡೆಯಿಲ್ಲ. ಆದರೂ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ಮೀನು ಹಿಡಿದು ಮಾರುವುದು ಅನೇಕ ಕುಟುಂಬಗಳ ಕಸುಬಾಗಿದೆ. ಮುಸ್ತಾಪುರದ ಬಳಿಯ ಚುಳಕಿ ನಾಲಾ ಜಲಾಶಯ, ಆಚೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ ಹಾಗೂ ಮಳೆಯನ್ನೇ ನಂಬಿದ ಹಳ್ಳಿಯ ಕೆರೆಗಳು ಈ ಕಸುಬಿಗೆ ಆಧಾರ. ದುಬಲಗುಂಡಿ ಸುತ್ತಿನ ರೈತರಿಗೆ ಕೆರೆಯೆಂದರೆ ಮೊದಲು ನೀರು, ಆಮೇಲೆ ಮೀನು. ಮೀನಿನ ಗುತ್ತಿಗೆ ಹಿಡಿದವನಿಗೆ ಇದೇ ಮಾತು ತಿರುಗಿಮುರುಗಿ. ಒಂದೇ ನೀರಿನ ಮೇಲೆ ಹೀಗೆ ಇಬ್ಬರ ಕಣ್ಣು ಇರುವುದರಿಂದ ಬಲೆ ಎಳೆಯುವ ಕೆಲಸಕ್ಕೆ ಕಟ್ಟುಪಾಡು ಬೇಕಾಗುತ್ತದೆ.

ಎಳೆಬಲೆ ಬೇರೆ ಬಲೆಗಳಂತಲ್ಲ

ಕಂತುಬಲೆಯನ್ನು ನೀರಿನಲ್ಲಿ ಕಟ್ಟಿ ಬಿಟ್ಟರೆ ಅದರ ಕಣ್ಣಿಗೆ ಸರಿಯಾದ ಗಾತ್ರದ ಮೀನು ಮಾತ್ರ ಕಿವಿರು ಸಿಕ್ಕಿಸಿಕೊಳ್ಳುತ್ತದೆ. ಸಣ್ಣದು ದಾಟಿ ಹೋಗುತ್ತದೆ. ಎಳೆಬಲೆ ಹಾಗಲ್ಲ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಎರಡು ತುದಿಗಳನ್ನು ಎರಡು ತಂಡಗಳು ಹಿಡಿದು, ಕೆರೆಯನ್ನು ಬಳಸಿಕೊಂಡು ದಡಕ್ಕೆ ಎಳೆಯುವಾಗ ನಡುವೆ ಸಿಕ್ಕಿದ್ದೆಲ್ಲ ಬರುತ್ತದೆ. ಬಲಿತ ಕಾಟ್ಲಾ, ಬೆರಳುದ್ದದ ಮರಿ, ಪಾಚಿ, ಪಾಚಿಗೆ ಅಂಟಿದ ಮೊಟ್ಟೆ, ತಳದ ಕೆಸರು ಎಲ್ಲವೂ ಒಟ್ಟಿಗೆ ದಡ ಸೇರುತ್ತವೆ. ಆಯ್ಕೆ ಮಾಡುವುದು ಬಲೆಯಲ್ಲ, ಎಳೆಯುವವರು.

ಆದರೆ ಎಳೆಬಲೆಗೆ ಎಲ್ಲ ಮೀನೂ ಸಮನಾಗಿ ಸಿಗುವುದಿಲ್ಲ. ಮೇಲುನೀರಿನಲ್ಲಿ ಮೇಯುವ ಕಾಟ್ಲಾ ಸುಲಭವಾಗಿ ಬರುತ್ತದೆ. ಬೆಳ್ಳಿಗೆಂಡೆ ಬಲೆಯ ಮೇಲೆ ಹಾರಿ ತಪ್ಪಿಸಿಕೊಳ್ಳುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಕೆಸರಿಗೆ ಒತ್ತಿಕೊಂಡು ಕೆಳಹಗ್ಗದ ಅಡಿಯಿಂದ ನುಸುಳುತ್ತವೆ. ಅವುಗಳನ್ನು ಹಿಡಿಯಲೆಂದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಲೆ ಎಳೆದಾಗ ನೀರು ಕದಡಿ, ಉಳಿದ ಮೀನಿಗೆ ಉಸಿರಾಟ ಕಷ್ಟವಾಗುತ್ತದೆ.

ಸಣ್ಣ ಕಣ್ಣಿನ ಎಳೆಬಲೆಯ ಪರಿಣಾಮವನ್ನು ನೋಡಲು ತುಂಗಭದ್ರಾ ಜಲಾಶಯದ ಉದಾಹರಣೆ ಸಾಕು. ಅಲ್ಲಿ ಅಲಿವಿ ಎಂಬ ಭಾರಿ ದಡಬಲೆ ಬಳಕೆಗೆ ಬಂದಿತು. ಅದರ ಚೀಲದ ಭಾಗದ ಕಣ್ಣು ಬಹಳ ಸಣ್ಣದು. ಒಣಗಿಸಿ ಮಾರುವ ಚಿಲ್ಲರೆ ಮೀನಿಗೆಂದು ಎಳೆದ ಬಲೆಯಲ್ಲಿ ಗೆಂಡೆ ಜಾತಿಯ ಮರಿಗಳೂ ಸೇರಿ ಬರುತ್ತವೆ. ಜಲಾಶಯಕ್ಕೆ ಒಂದು ಕಡೆ ಮರಿ ಬಿಡುವುದು, ಇನ್ನೊಂದು ಕಡೆ ಅದನ್ನೇ ಒಣಮೀನು ಮಾಡುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಕೆರೆಗೆ ಒಂದು ನಿಯಮ, ಜಲಾಶಯಕ್ಕೆ ಇನ್ನೊಂದು

ಮಳೆಗಾಲದಲ್ಲಿ ಮೀನು ಹಿಡಿಯಬಾರದೇಕೆ ಎಂದು ಅನೇಕರು ಕೇಳುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನ ಹೊಸ ನೀರು ಹರಿದು ಬಂದಾಗ ಜಲಾಶಯದಿಂದ ಹೊಳೆಯ ಕಡೆಗೆ ಏರಿ ಹೋಗಿ ಮೊಟ್ಟೆಯಿಡುತ್ತವೆ. ಹಳ್ಳ ಜಲಾಶಯಕ್ಕೆ ಸೇರುವ ಬಾಯಲ್ಲಿ ಆ ದಿನಗಳಲ್ಲಿ ಬಲೆ ಎಳೆದರೆ ಒಂದು ಮೀನಿನ ಜೊತೆ ಲಕ್ಷಕ್ಕೂ ಮಿಕ್ಕಿದ ಮೊಟ್ಟೆಗಳು ಹೋದಂತೆ. ಆದ್ದರಿಂದ ಮೀನುಗಾರಿಕೆ ಇಲಾಖೆಯು ನಿಷೇಧದ ಅವಧಿಯನ್ನು ಪ್ರಕಟಿಸಿದಾಗ ಜಲಾಶಯದ ಮೀನುಗಾರರು ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ದೂರದ ಅಲಾಸ್ಕದಲ್ಲಿ ಸಾಲ್ಮನ್ ಎಂಬ ಮೀನು ಸಮುದ್ರದಿಂದ ಹೊಳೆಗೆ ಏರಿ ಮೊಟ್ಟೆಯಿಡುತ್ತದೆ. ಅದನ್ನು ಬಳಸುಬಲೆಯಿಂದಲೂ ಹಿಡಿಯುತ್ತಾರೆ. ಅಲ್ಲಿ ಹೊಳೆಗೆ ಏರಿದ ಮೀನುಗಳನ್ನು ಎಣಿಸಿ, ವಂಶ ಉಳಿಯುವಷ್ಟು ಮೀನು ಮೇಲೆ ಹೋಗುವಂತೆ ನೋಡಿಕೊಂಡೇ ಬಲೆ ಹಾಕುವ ದಿನ ಮತ್ತು ವೇಳೆಯನ್ನು ಗೊತ್ತುಮಾಡುತ್ತಾರೆ. ದೋಣಿಗಳ ಸಂಖ್ಯೆ ಮಿತಿಮೀರದಂತೆ 1973ರಲ್ಲಿ ಪರವಾನಿಗೆಗೆ ಮಿತಿ ಹಾಕುವ ಕಾನೂನೂ ಬಂದಿತು. ನಮ್ಮಲ್ಲಿ ಆ ರೀತಿ ಎಣಿಸುವ ವ್ಯವಸ್ಥೆ ಇಲ್ಲದಿರುವುದರಿಂದಲೇ ನಿಷೇಧದ ಅವಧಿಗೆ ಹೆಚ್ಚಿನ ಮಹತ್ವವಿದೆ.

ಹಳ್ಳಿಯ ಕೆರೆಯ ವಿಷಯ ಬೇರೆ. ಅಲ್ಲಿನ ಕಾಟ್ಲಾ, ರೋಹು ತಾವಾಗಿ ಹುಟ್ಟಿದವಲ್ಲ, ತಂದು ಬಿಟ್ಟ ಬಿತ್ತನೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಗೆಂಡೆ ಜಾತಿಯ ಮೀನಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿದ ಪ್ರಯೋಗ ಯಶಸ್ವಿಯಾದ ಮೇಲೆ ಇಂಥ ಬಿತ್ತನೆ ಬೇಕಾದಷ್ಟು ಸಿಗುವಂತಾಯಿತು. ಆ ದಿನವನ್ನು ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತದೆ. ಹೀಗಾಗಿ ಕೆರೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಹಿಡಿಯುವ ಮೀನಿನ ಗಾತ್ರ. ಕಾಲು ಕಿಲೋ ತೂಗುವ 100 ಮೀನು ಹಿಡಿದರೆ 25 ಕಿಲೋ ಆಯಿತು. ಅವೇ ಮೀನುಗಳನ್ನು ಬಿಟ್ಟು, 20 ಸತ್ತವೆಂದೇ ಇಟ್ಟುಕೊಂಡರೂ, ಉಳಿದ 80 ತಲಾ ಒಂದು ಕಿಲೋಗೆ ಬಂದಾಗ 80 ಕಿಲೋ ಆಗುತ್ತದೆ. ನೀರು, ಮೇವು ಚೆನ್ನಾಗಿದ್ದರೆ ಕಾಟ್ಲಾ ಒಂದು ವರ್ಷದಲ್ಲಿ ಈ ತೂಕಕ್ಕೆ ಬರುತ್ತದೆ.

ಆದರೆ ಕೆರೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಮರೆತು ಈ ಲೆಕ್ಕ ಹಾಕಬಾರದು. ಮಳೆ ಕಡಿಮೆಯಾದ ವರ್ಷ ಬೇಸಿಗೆಗೆ ಮೊದಲೇ ಬತ್ತುವ ಕೆರೆಯಲ್ಲಿ ಮೀನು ದಪ್ಪವಾಗಲೆಂದು ಕಾಯುವುದು ಜಾಣತನವಲ್ಲ. ನೀರು ಸೊಂಟದ ಮಟ್ಟಕ್ಕೆ ಇಳಿಯುತ್ತಿದ್ದಂತೆ ಎರಡು ಮೂರು ಕಂತುಗಳಲ್ಲಿ ದೊಡ್ಡದರಿಂದ ಮೊದಲುಮಾಡಿ ತೆಗೆಯಬೇಕು. ನೀರು ಉಳಿಯುವ ಆಳವಾದ ಮಡುವಿದ್ದರೆ ಅಲ್ಲಿ ಬಲೆ ಎಳೆಯದೆ ಬಿಡಬೇಕು. ಕೊರವದಂಥ ನಾಡಮೀನು ಮುಂದಿನ ಮಳೆಗೆ ಬೀಜವಾಗುವುದು ಅಂಥ ಮಡುವಿನಿಂದಲೇ.

ಹಕ್ಕು ಯಾರದು, ಹೊಣೆ ಯಾರದು

ಕೆಲವು ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದು, ದೊಡ್ಡ ಕೆರೆ ಮತ್ತು ಜಲಾಶಯಗಳದು ಮೀನುಗಾರಿಕೆ ಇಲಾಖೆಯದು. ಹರಾಜು, ಗುತ್ತಿಗೆ ಅಥವಾ ಪರವಾನಿಗೆ ಯಾವುದೇ ಇರಲಿ, ಕರಾರು ಪತ್ರವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು. ಬಲೆಯ ಕಣ್ಣಿನ ಅಳತೆ, ಬಿಡಬೇಕಾದ ಬಿತ್ತನೆಯ ಸಂಖ್ಯೆ, ಹಿಡಿಯುವ ಅವಧಿ ಇವನ್ನು ಅದರಲ್ಲಿ ನೋಡಿಕೊಳ್ಳಬೇಕು. ಕರಾರಿನಲ್ಲಿ ಇವು ಇಲ್ಲದಿದ್ದರೆ ಸೇರಿಸುವಂತೆ ಕೇಳುವುದು ಗ್ರಾಮಸ್ಥರ ಹಕ್ಕು. ಗುತ್ತಿಗೆಯ ಕೊನೆಯ ವರ್ಷ ಸಣ್ಣ ಕಣ್ಣಿನ ಬಲೆ ತಂದು ಕೆರೆ ಬಳಿದು ಹೋಗುವ ಚಾಳಿಯನ್ನು ತಡೆಯಲು ಇದೊಂದೇ ದಾರಿ.

ಕಣ್ಣಿನ ಅಳತೆ ನೋಡುವುದು ಕಷ್ಟವೇನಲ್ಲ. ಒದ್ದೆ ಬಲೆಯ ಸಾಲಾಗಿರುವ ಹತ್ತು ಕಣ್ಣುಗಳನ್ನು ಗಂಟಿನಿಂದ ಗಂಟಿಗೆ ಬಿಗಿಯಾಗಿ ಎಳೆದು ಅಳೆದು, ಬಂದದ್ದನ್ನು ಹತ್ತರಿಂದ ಭಾಗಿಸಬೇಕು. ಚೀಲದ ಭಾಗವನ್ನೇ ಅಳೆಯಬೇಕು. ರೆಕ್ಕೆಯ ಭಾಗದಲ್ಲಿ ಕಣ್ಣು ದೊಡ್ಡದಿರುತ್ತದೆ, ಅಳೆಯಲು ಬಂದವರಿಗೆ ಅದನ್ನೇ ತೋರಿಸುವವರೂ ಇದ್ದಾರೆ.

ತೂಬು ತೆರೆದು ನೀರು ಖಾಲಿ ಮಾಡಿ ಮೀನು ಹಿಡಿಯುವ ಅಧಿಕಾರ ಯಾವ ಮೀನು ಗುತ್ತಿಗೆದಾರನಿಗೂ ಇಲ್ಲ. ಹಾಗೆಯೇ ಗುತ್ತಿಗೆ ಪಡೆದು ಮರಿ ಬಿಟ್ಟವರ ಮೀನನ್ನು ಊರ ಕೆರೆಯೆಂದು ರಾತ್ರಿ ಹಿಡಿಯುವುದೂ ಕಳವೇ. ಕೋಡಿಯ ಬಳಿ ಮೀನು ಹೊರಹೋಗದಂತೆ ಜಾಲರಿ ಕಟ್ಟಿದರೆ ಕಸ ತುಂಬಿ ನೀರು ಕಟ್ಟೆಗೆ ಒತ್ತದಂತೆ ಮಳೆಯ ದಿನಗಳಲ್ಲಿ ಕಾವಲಿದ್ದು ತೆಗೆಯುವ ಜವಾಬ್ದಾರಿ ಗುತ್ತಿಗೆದಾರನದು. ಕಟ್ಟೆ ಒಡೆದರೆ ಹಾಳಾಗುವುದು ಕೆಳಗಿನ ಹೊಲಗಳು.

ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿ, ಎರಡು ತಿಂಗಳವರೆಗೆ ಸೆರೆಮನೆ ಅಥವಾ 200 ರೂಪಾಯಿವರೆಗೆ ದಂಡ ಗೊತ್ತುಪಡಿಸಿತ್ತು. ಒಳನಾಡಿನ ನೀರಿಗೆ ಸಂಬಂಧಿಸಿ ಕರ್ನಾಟಕದಲ್ಲಿ 1996ರ ಪ್ರತ್ಯೇಕ ಅಧಿನಿಯಮವಿದೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೆರೆಗೆ ಸುರಿದು ಹಿಡಿದ ಮೀನು ತಿನ್ನುವವರ ಹೊಟ್ಟೆಗೂ, ಆ ನೀರು ಕುಡಿಯುವ ದನಗಳಿಗೂ ಅಪಾಯಕಾರಿ.

ಬಲೆ ಎಳೆಯುವ ದಿನ

ಸೂರ್ಯೋದಯಕ್ಕೆ ಮೊದಲು ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಆದ್ದರಿಂದ ಹೊತ್ತು ಹುಟ್ಟಿದ ಮೇಲೆ ಪ್ರಾರಂಭಿಸಿ ಬಿಸಿಲೇರುವ ಮೊದಲು ಮುಗಿಸಬೇಕು. ಮೋಡ ಮುಸುಕಿದ ದಿನ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿರುವ ದಿನ ಬಲೆ ಹಾಕಬಾರದು. ಬಲೆಯ ಚೀಲವನ್ನು ಪೂರ್ತಿ ದಡಕ್ಕೆ ಎಳೆದು ರಾಶಿ ಹಾಕಿ ಆಮೇಲೆ ಆರಿಸಿದರೆ ಮರಿಗಳು ಬದುಕುವುದಿಲ್ಲ. ಮೊಣಕಾಲುದ್ದ ನೀರಿನಲ್ಲೇ ನಿಲ್ಲಿಸಿ, ಒದ್ದೆ ಕೈಯಿಂದ ಸಣ್ಣವನ್ನು ಮೊದಲು ಆರಿಸಿ ಬಲೆಯ ಹೊರಗೆ ಬಿಡಬೇಕು. ಇಲ್ಲಿ ಒಂದೇ ಒಂದು ಅಪವಾದ ಆಫ್ರಿಕಾದ ಕ್ಯಾಟ್‌ಫಿಶ್. ಬೇರೆ ಮೀನುಗಳನ್ನು ತಿಂದು ಮುಗಿಸುವ ಇದರ ಸಾಕಣೆಯನ್ನು ನಿಷೇಧಿಸಲಾಗಿದೆ. ಬಲೆಗೆ ಬಂದರೆ ಎಷ್ಟೇ ಚಿಕ್ಕದಾದರೂ ಮತ್ತೆ ನೀರಿಗೆ ಬಿಡಬಾರದು.

ಹಿಡಿದ ಮೀನನ್ನು ಜಾತಿವಾರು ತೂಗಿ ಪುಸ್ತಕದಲ್ಲಿ ಬರೆದಿಡುವುದು ಸಹಕಾರ ಸಂಘಗಳಿಗೆ ತೊಡಕಿನ ಕೆಲಸವೆನಿಸಬಹುದು. ಆದರೆ ಮುಂದಿನ ವರ್ಷ ಯಾವ ಮರಿ ಎಷ್ಟು ಬಿಡಬೇಕೆಂದು ಹೇಳುವುದು ಆ ಪುಸ್ತಕವೇ. ಮೃಗಾಲ್ ಬಿಟ್ಟಿದ್ದರೂ ಬಲೆಗೆ ಬರಲಿಲ್ಲವೆಂದರೆ ಅದು ಸತ್ತಿದೆಯೋ ಕೆಸರಿನಲ್ಲಿ ಅಡಗಿದೆಯೋ ಎಂಬುದು ನೀರು ಇಳಿದಾಗ ಗೊತ್ತಾಗುತ್ತದೆ.

ಬಾಡಿಗೆಗೆ ತಂದ ಬಲೆ ಒಂದು ಕೆರೆಯಿಂದ ಇನ್ನೊಂದಕ್ಕೆ ರೋಗವನ್ನೂ ಹೊತ್ತು ತರುತ್ತದೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಮೀನಿನ ಹುಣ್ಣುರೋಗ ಕೆರೆಯಿಂದ ಕೆರೆಗೆ ಹರಡಿದ್ದನ್ನು ಮೀನುಗಾರರು ಬಲ್ಲರು. ಹೊಸ ಕೆರೆಗೆ ಇಳಿಸುವ ಮೊದಲು ಬಲೆಯನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮೈಮೇಲೆ ಹುಣ್ಣಿರುವ ಮೀನು ಕಂಡರೆ ಬಲೆ ಎಳೆಯುವುದನ್ನು ನಿಲ್ಲಿಸಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸತಕ್ಕದ್ದು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ಸಲಹೆ ಪಡೆಯಬಹುದು.