ಹೆಸರನ್ನು ಮರಳಿ ಪಡೆದ ತಂಡ: ಸೋಫಿಯಾದ ಲೆವ್ಸ್ಕಿ ಕಾಲ್ಚೆಂಡು ಸಂಘ



ಕನ್ನಡ ಸಂಘದ ಉಪನ್ಯಾಸಮಾಲೆಯಲ್ಲಿ ಬಲ್ಗೇರಿಯಾ ದೇಶದ ಕಾಲ್ಚೆಂಡಿನ ತಂಡವೊಂದರ ವಿಚಾರವೇಕೆ ಎಂದು ಕೆಲವರಿಗೆ ಅನಿಸಿರಬಹುದು. ಆ ನಾಡಿಗೂ ನಮಗೂ ಭಾಷೆಯ ಸಂಬಂಧವಿಲ್ಲ, ಬಂಧುತ್ವದ ಸಂಬಂಧವಂತೂ ಇಲ್ಲವೇ ಇಲ್ಲ. ಆದರೆ ಸಂಘವೆಂಬುದು ಹೇಗೆ ಹುಟ್ಟುತ್ತದೆ, ಆಳುವವರ ಕೈಗೆ ಸಿಕ್ಕಾಗ ಅದಕ್ಕೆ ಏನಾಗುತ್ತದೆ, ಹಣವಂತರ ಆಶ್ರಯ ತಪ್ಪಿದಾಗ ಅದು ಯಾವುದನ್ನು ಹಿಡಿದು ನಿಲ್ಲುತ್ತದೆ ಎಂಬ ಪ್ರಶ್ನೆಗಳು ಸಂಘ ಕಟ್ಟಿಕೊಂಡ ಎಲ್ಲರಿಗೂ ಸಂಬಂಧಿಸಿದವು. ಸೋಫಿಯಾ ನಗರದ ಲೆವ್ಸ್ಕಿ ಸಂಘದ ನೂರಹತ್ತು ವರ್ಷಗಳಿಗೂ ಮೀರಿದ ಚರಿತ್ರೆಯಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಅದನ್ನೇ ಇಲ್ಲಿ ಯಥಾಶಕ್ತಿ ವಿವರಿಸಲು ಬಯಸುತ್ತೇವೆ.

ಹೆಸರಿನ ಹಿಂದಿನ ಕಥೆ

ಬಲ್ಗೇರಿಯಾ ಸುಮಾರು ಐದು ಶತಮಾನಗಳ ಕಾಲ ತುರ್ಕಿಯ ಆಟೋಮನ್ ಸಾಮ್ರಾಜ್ಯದ ಅಧೀನದಲ್ಲಿತ್ತು. ಅದರ ವಿಮೋಚನೆಗಾಗಿ ಊರೂರು ಅಲೆದು ಗುಪ್ತ ಸಮಿತಿಗಳನ್ನು ಕಟ್ಟಿದವನು ವಾಸಿಲ್ ಲೆವ್ಸ್ಕಿ. 1837ರಲ್ಲಿ ಕಾರ್ಲೊವೊ ಎಂಬ ಊರಿನಲ್ಲಿ ಹುಟ್ಟಿದ ಈತನ ಮನೆತನದ ಹೆಸರು ಕುಂಚೇವ್. 'ಲೆವ್' ಎಂದರೆ ಅವರ ಭಾಷೆಯಲ್ಲಿ ಸಿಂಹ. ಸಿಂಹಸದೃಶನೆಂಬ ಅರ್ಥದಲ್ಲಿ 'ಲೆವ್ಸ್ಕಿ' ಎಂಬುದು ಆತನಿಗೆ ಸಂದ ಬಿರುದು. ಸನ್ಯಾಸ ದೀಕ್ಷೆ ಪಡೆದಿದ್ದ ಆತ ಅದನ್ನು ತೊರೆದು ಕ್ರಾಂತಿಕಾರಿಯಾದ. 1873ರಲ್ಲಿ ಸೋಫಿಯಾದಲ್ಲಿಯೇ ಆತನನ್ನು ಗಲ್ಲಿಗೇರಿಸಲಾಯಿತು. ಅದಾದ ಐದು ವರ್ಷಗಳಿಗೆ, 1878ರಲ್ಲಿ, ನಾಡು ಬಿಡುಗಡೆ ಹೊಂದಿತು. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರನ್ನು ಉಚ್ಚರಿಸುವಾಗ ಮನಸ್ಸಿನಲ್ಲಿ ಮೂಡುವ ಭಾವ ಯಾವುದೋ, ಬಲ್ಗೇರಿಯನ್ನರಿಗೆ ಲೆವ್ಸ್ಕಿಯ ಹೆಸರಿನಲ್ಲಿ ಅದೇ ಭಾವ.

ಆ ದೇಶಕ್ಕೆ ಕಾಲ್ಚೆಂಡಿನಾಟ ಬಂದುದು 1894ರಲ್ಲಿ. ವ್ಯಾಯಾಮ ಶಿಕ್ಷಣಕ್ಕೆಂದು ಸ್ವಿಟ್ಜರ್‌ಲೆಂಡಿನಿಂದ ಕರೆಸಿಕೊಂಡ ಉಪಾಧ್ಯಾಯರಲ್ಲೊಬ್ಬನು ವಾರ್ನಾ ನಗರದ ಶಾಲೆಯಲ್ಲಿ ಇದನ್ನು ಮೊದಲು ಕಲಿಸಿದನು. ಇಪ್ಪತ್ತು ವರ್ಷಗಳ ತರುವಾಯ, 1914ರ ಮೇ 24ರಂದು, ಸೋಫಿಯಾದ ಪ್ರೌಢಶಾಲೆಯೊಂದರ ಹುಡುಗರು ಸೇರಿ ತಮ್ಮದೊಂದು ಸಂಘವನ್ನು ವಿಧಿವತ್ತಾಗಿ ಸ್ಥಾಪಿಸಿ, ಅದಕ್ಕೆ ಲೆವ್ಸ್ಕಿಯ ಹೆಸರನ್ನಿಟ್ಟರು. ಮೇ 24 ಎಂಬುದು ಸ್ಲಾವ್ ಜನರಿಗೆ ಲಿಪಿಯನ್ನು ರೂಪಿಸಿಕೊಟ್ಟ ಸಂತ ಸಿರಿಲ್ ಮತ್ತು ಮೆಥೋಡಿಯಸರ ಸ್ಮರಣೆಯ ದಿನ; ಅಂದು ಶಾಲಾ ಮಕ್ಕಳು ಹೂವುಗಳನ್ನು ಹಿಡಿದು ಮೆರವಣಿಗೆ ಹೊರಡುತ್ತಾರೆ. ಅಕ್ಷರದ ಹಬ್ಬದ ದಿನದಂದು, ಹುತಾತ್ಮನ ಹೆಸರಿನಲ್ಲಿ, ವಿದ್ಯಾರ್ಥಿಗಳಿಂದ ಹುಟ್ಟಿದ ಸಂಘ ಇದು. ಮೊದಲ ಅಧಿಕೃತ ಪಂದ್ಯದಲ್ಲಿ ಊರಿನದೇ ಇನ್ನೊಂದು ತಂಡದೆದುರು 2-6ರಿಂದ ಸೋತಿತೆಂಬುದನ್ನೂ ಮರೆಯದೆ ಹೇಳಬೇಕು. ರಾಷ್ಟ್ರೀಯ ಚಾಂಪಿಯನ್ ಪಟ್ಟ ಮೊದಲ ಬಾರಿಗೆ ದೊರೆತುದು 1933ರಲ್ಲಿ. ನೀಲಿ ಬಣ್ಣ ಅಂದಿನಿಂದ ಇಂದಿನವರೆಗೂ ಅದರ ಗುರುತಾಗಿ ಉಳಿದುಬಂದಿದೆ.

ಆಳುವವರ ಕೈಯಲ್ಲಿ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಲ್ಗೇರಿಯಾ ಸೋವಿಯತ್ ಪ್ರಭಾವಕ್ಕೆ ಒಳಪಟ್ಟಿತು. ಕಮ್ಯೂನಿಸ್ಟ್ ಆಡಳಿತದಲ್ಲಿ ಸ್ವತಂತ್ರವಾದ ಸಂಘವೆಂಬ ಕಲ್ಪನೆಗೆ ಎಡೆಯಿರಲಿಲ್ಲ. ಪ್ರತಿಯೊಂದು ತಂಡವೂ ಸರ್ಕಾರದ ಯಾವುದಾದರೊಂದು ಅಂಗಕ್ಕೆ ಜೋಡಿಕೊಳ್ಳಬೇಕಿತ್ತು. 1948ರಲ್ಲಿ ಸೈನ್ಯದ ಆಶ್ರಯದಲ್ಲಿ ಹುಟ್ಟಿದ ತಂಡವೇ ಮುಂದೆ ಸಿ.ಎಸ್.ಕೆ.ಎ. ಎಂದು ಹೆಸರಾಯಿತು. ಅದೇ ಲೆವ್ಸ್ಕಿಯ ಬದ್ಧ ಪ್ರತಿಸ್ಪರ್ಧಿ. 1949ರಲ್ಲಿ ಲೆವ್ಸ್ಕಿ ಎಂಬ ಹೆಸರನ್ನೇ ತೆಗೆದುಹಾಕಿ, ಸೋವಿಯತ್ ಮಾದರಿಯನ್ನನುಸರಿಸಿ 'ಡೈನಮೊ' ಎಂದು ಕರೆದರು. ಸಂಘದ ಹಳೆಯ ಮೈದಾನವೂ ಕೈತಪ್ಪಿತು; ಆ ಸ್ಥಳದಲ್ಲಿ ಎದ್ದುದು 1953ರಲ್ಲಿ ತೆರೆದ ರಾಷ್ಟ್ರೀಯ ಕ್ರೀಡಾಂಗಣ. ವಿಪರ್ಯಾಸವೆಂದರೆ ಆ ಕ್ರೀಡಾಂಗಣಕ್ಕೆ ಇಟ್ಟ ಹೆಸರು ವಾಸಿಲ್ ಲೆವ್ಸ್ಕಿಯದೇ! ವೀರನ ಹೆಸರು ಸರ್ಕಾರಕ್ಕೆ ಬೇಕಾಗಿತ್ತು. ಆ ಹೆಸರು ಜನ ತಾವಾಗಿ ಕಟ್ಟಿದ ಸಂಘದ್ದಾಗಿರುವುದು ಬೇಡವಾಗಿತ್ತು. ಸ್ಟಾಲಿನ್ ಸತ್ತು, ಆತನ ಕಾಲದ ಬಿಗಿ ಸಡಿಲವಾದ ಮೇಲೆ, 1957ರಲ್ಲಿ ಹಳೆಯ ಹೆಸರು ಮರಳಿತು.

ಅರುವತ್ತರ ದಶಕ ಈ ತಂಡದ ಪಾಲಿಗೆ ವೈಭವದ ಕಾಲ. ಅದರ ಕೇಂದ್ರದಲ್ಲಿದ್ದವನು ಗಿಯೋರ್ಗಿ ಅಸ್ಪಾರುಖೋವ್. ಜನರ ಬಾಯಲ್ಲಿ 'ಗುಂಡಿ'. ನಮ್ಮ ಕಿವಿಗೆ ಈ ಅಡ್ಡಹೆಸರು ನಗೆ ತರಿಸಿದರೂ ಸೋಫಿಯಾದ ಹಿರಿಯರ ಮುಖದಲ್ಲಿ ಅದು ತರಿಸುವುದು ಬೇರೆಯೇ ಭಾವ. 1962, 1966 ಮತ್ತು 1970ರ ಮೂರು ವಿಶ್ವಕಪ್ಪುಗಳಲ್ಲಿ ಆತ ದೇಶದ ಪರವಾಗಿ ಆಡಿದನು. 1965ರಲ್ಲಿ ಯೂರೋಪಿನ ಬಲಾಢ್ಯ ತಂಡವಾದ ಪೋರ್ಚುಗಲ್ಲಿನ ಬೆನ್‌ಫಿಕಾದೊಡನೆ ಸೋಫಿಯಾದಲ್ಲಿ 2-2ರ ಸಮಬಲ ಸಾಧಿಸಿ, ಲಿಸ್ಬನ್ನಿನಲ್ಲಿ 2-3ರಿಂದ ಮಾತ್ರ ಸೋತ ತಂಡದ ಮುಂಚೂಣಿಯಲ್ಲಿ ಇದ್ದವನೂ ಆತನೇ. 1968ರ ನವೆಂಬರಿನಲ್ಲಿ ಲೆವ್ಸ್ಕಿ ತಂಡ ಸೈನ್ಯದ ತಂಡವನ್ನು 7-2ರಿಂದ ಮಣಿಸಿತು. ಇಂದಿಗೂ ಆ ಅಂಕಿಯನ್ನು ನೀಲಿ ಪಕ್ಷದವರು ಮಂತ್ರದಂತೆ ಜಪಿಸುತ್ತಾರೆ.

ಆ ಗೆಲುವಿನ ಸಂಭ್ರಮ ಮಾಸುವ ಮುನ್ನವೇ, 1969ರ ಆರಂಭದಲ್ಲಿ, ಸರ್ಕಾರದ ಆಜ್ಞೆಯಂತೆ ಲೆವ್ಸ್ಕಿಯನ್ನು ಸ್ಪಾರ್ಟಕ್ ಎಂಬ ಇನ್ನೊಂದು ತಂಡದೊಡನೆ ವಿಲೀನಗೊಳಿಸಿ, 'ಲೆವ್ಸ್ಕಿ-ಸ್ಪಾರ್ಟಕ್' ಎಂದು ಹೆಸರಿಟ್ಟು, ಒಳಾಡಳಿತ ಸಚಿವಾಲಯದ ಸುಪರ್ದಿಗೆ ಒಪ್ಪಿಸಲಾಯಿತು. ವಿದ್ಯಾರ್ಥಿಗಳು ಕಟ್ಟಿದ ಸಂಘ ಪೊಲೀಸು ಇಲಾಖೆಯ ತಂಡವಾಯಿತು. 1971ರ ಜೂನ್ 30ರಂದು ವಿತಿನ್ಯಾ ಎಂಬ ಘಟ್ಟದ ದಾರಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಅಸ್ಪಾರುಖೋವನೂ ಜೊತೆಯಲ್ಲಿದ್ದ ಆಟಗಾರ ನಿಕೋಲಾ ಕೊತ್ಕೊವನೂ ಮಡಿದರು. ಅಸ್ಪಾರುಖೋವನಿಗೆ ಆಗ 28 ವರ್ಷ. ಅಂತ್ಯಯಾತ್ರೆಗೆ ಸೋಫಿಯಾದ ಬೀದಿಗಳಲ್ಲಿ ಜನಸಾಗರವೇ ನೆರೆಯಿತು. ಯಾವ ಪಕ್ಷದ ಅಪ್ಪಣೆಯೂ ಇಲ್ಲದೆ ಅಷ್ಟು ಮಂದಿ ತಾವಾಗಿ ಕೂಡಿದುದು ಆ ಕಾಲದ ಬಲ್ಗೇರಿಯಾದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ನಗರದ ಗೆರೆನಾ ಪ್ರದೇಶದಲ್ಲಿರುವ ಸಂಘದ ಕ್ರೀಡಾಂಗಣಕ್ಕೆ ಈಗ ಇರುವುದು ಆತನದೇ ಹೆಸರು.

1976ರಲ್ಲಿ ಯು.ಇ.ಎಫ್.ಎ. ಕಪ್ಪಿನ ಕ್ವಾರ್ಟರ್ ಫೈನಲಿನಲ್ಲಿ, ಯೋಹಾನ್ ಕ್ರಾಯಿಫ್ ಆಡುತ್ತಿದ್ದ ಕಾಲದ ಬಾರ್ಸಿಲೋನಾದೆದುರು ಹೊರನಾಡಿನಲ್ಲಿ 0-4ರಿಂದ ಸೋತ ತಂಡ, ತನ್ನೂರಿಗೆ ಮರಳಿ 5-4ರಿಂದ ಗೆದ್ದಿತು. ಒಟ್ಟು ಲೆಕ್ಕದಲ್ಲಿ ಸೋಲೇ ಆದರೂ ಈ ಪಂದ್ಯವನ್ನು ಅವರು ಗೆಲುವೆಂದೇ ನೆನೆಯುತ್ತಾರೆ.

1985ರ ವಿಸರ್ಜನೆ

1985ರ ಜೂನ್ 19ರಂದು ಬಲ್ಗೇರಿಯಾದ ಕಪ್ ಪಂದ್ಯಾವಳಿಯ ಫೈನಲಿನಲ್ಲಿ ಲೆವ್ಸ್ಕಿ ಮತ್ತು ಸಿ.ಎಸ್.ಕೆ.ಎ. ತಂಡಗಳು ಎದುರಾದವು. ತೀರ್ಪುಗಾರನ ನಿರ್ಧಾರಗಳಿಂದ ಕೆರಳಿದ ಆಟಗಾರರು ಮೈದಾನದಲ್ಲಿಯೇ ಕೈಕೈ ಮಿಲಾಯಿಸಿದರು. ಪಂದ್ಯವನ್ನು ಸೈನ್ಯದ ತಂಡ 2-1ರಿಂದ ಗೆದ್ದಿತಾದರೂ ನಿಜವಾದ ತೀರ್ಪು ಬಂದುದು ಕೆಲವೇ ದಿನಗಳಲ್ಲಿ, ಕಮ್ಯೂನಿಸ್ಟ್ ಪಕ್ಷದ ಕೇಂದ್ರ ಸಮಿತಿಯಿಂದ. ಎರಡೂ ಸಂಘಗಳನ್ನು ವಿಸರ್ಜಿಸಲಾಯಿತು. ಲೆವ್ಸ್ಕಿಯ ಜಾಗದಲ್ಲಿ 'ವಿತೋಷಾ' ಎಂಬ ಹೊಸ ತಂಡ, ಸಿ.ಎಸ್.ಕೆ.ಎ. ಜಾಗದಲ್ಲಿ 'ಸ್ರೆದೆಟ್ಸ್'. ವಿತೋಷಾ ಎಂದರೆ ಸೋಫಿಯಾದ ಪಕ್ಕದ ಬೆಟ್ಟ. ಸ್ರೆದೆಟ್ಸ್ ಎಂಬುದು ಆ ನಗರದ ಹಳೆಯ ಹೆಸರು. ಬೆಟ್ಟಕ್ಕೂ ಊರಿಗೂ ಯಾರ ತಕರಾರೂ ಇಲ್ಲವಷ್ಟೆ! ಕೆಲವು ಆಟಗಾರರಿಗೆ ಆಜೀವ ನಿಷೇಧ ವಿಧಿಸಿದರು. ಅವರಲ್ಲಿ ಲೆವ್ಸ್ಕಿಯ ಗೋಲ್‌ಕೀಪರ್ ಬೊರಿಸ್ಲಾವ್ ಮಿಖೈಲೋವ್ ಒಬ್ಬ. ಎದುರು ತಂಡದ ಹತ್ತೊಂಬತ್ತು ವರ್ಷದ ತರುಣ ಹ್ರಿಸ್ತೊ ಸ್ಟೊಯಿಚ್ಕೊವ್ ಮತ್ತೊಬ್ಬ.

ಆಜೀವ ನಿಷೇಧ ಸುಮಾರು ಒಂದು ವರ್ಷದೊಳಗೆ ಸಡಿಲವಾಯಿತು. ಜನರಂತೂ ಹೊಸ ಹೆಸರನ್ನು ಮನಸ್ಸಿಗೆ ತಂದುಕೊಳ್ಳಲೇ ಇಲ್ಲ. 1989ರ ನವೆಂಬರಿನಲ್ಲಿ, ಮೂವತ್ತೈದು ವರ್ಷ ಪಕ್ಷದ ಚುಕ್ಕಾಣಿ ಹಿಡಿದಿದ್ದ ತೊದೊರ್ ಝಿವ್ಕೊವ್ ಅಧಿಕಾರದಿಂದ ಇಳಿದನು. ಅದರ ಬೆನ್ನಿಗೇ ಲೆವ್ಸ್ಕಿ ಎಂಬ ಹೆಸರೂ ಮರಳಿತು. ಕಾಗದದ ಮೇಲೆ ಮೂರು ಬಾರಿ ಬದಲಾದ ಹೆಸರು ನಾಲಗೆಯ ಮೇಲೆ ಒಮ್ಮೆಯೂ ಬದಲಾಗಿರಲಿಲ್ಲ.

ಇದರ ಫಲಶ್ರುತಿಯನ್ನು ಈ ಅಮೆರಿಕದ ನೆಲವೇ ಕಂಡಿದೆ. 1994ರ ವಿಶ್ವಕಪ್ಪಿಗೆ ಮೊದಲು ಐದು ಬಾರಿ ಅರ್ಹತೆ ಪಡೆದು 16 ಪಂದ್ಯಗಳನ್ನಾಡಿದ್ದ ಬಲ್ಗೇರಿಯಾ ಒಂದನ್ನೂ ಗೆದ್ದಿರಲಿಲ್ಲ. ಆ ವರ್ಷ ಗ್ರೀಸ್, ಅರ್ಜೆಂಟೀನಾ ದೇಶಗಳನ್ನು ಸೋಲಿಸಿ, ನ್ಯೂಜೆರ್ಸಿಯ ಜೈಂಟ್ಸ್ ಕ್ರೀಡಾಂಗಣದಲ್ಲಿ ಮೆಕ್ಸಿಕೊವನ್ನು ಪೆನಾಲ್ಟಿ ಹೊಡೆತಗಳಲ್ಲಿ ಮಣಿಸಿ, ಜುಲೈ 10ರಂದು ಅದೇ ಅಂಗಣದಲ್ಲಿ ಅಂದಿನ ವಿಶ್ವವಿಜೇತ ಜರ್ಮನಿಯನ್ನು 2-1ರಿಂದ ಸದೆಬಡಿಯಿತು. ಕೊನೆಗೆ ನಾಲ್ಕನೆಯ ಸ್ಥಾನ ಗಳಿಸಿತು. ತಂಡದ ನಾಯಕನೂ ಗೋಲ್‌ಕೀಪರನೂ ಆಗಿದ್ದವನು ಮಿಖೈಲೋವ್. ಜರ್ಮನಿಯೆದುರು ಫ್ರೀಕಿಕ್ಕಿನಿಂದ ಸಮಬಲದ ಗೋಲು ಹೊಡೆದವನು ಸ್ಟೊಯಿಚ್ಕೊವ್. ಒಂಬತ್ತು ವರ್ಷಗಳ ಹಿಂದೆ ಎಂದೆಂದಿಗೂ ಆಡಕೂಡದೆಂದು ಶಿಕ್ಷೆಗೊಳಗಾಗಿದ್ದ ಇಬ್ಬರು ಪರಸ್ಪರ ವಿರೋಧಿ ತಂಡಗಳಿಂದ ಬಂದು ಒಂದೇ ಅಂಗಿ ತೊಟ್ಟು ದೇಶದ ಮಾನ ಕಾದರು.

ಹಣದ ಕೈಯಲ್ಲಿ

ಪಕ್ಷದ ಹಿಡಿತ ತಪ್ಪಿದ ಮೇಲೆ ಸ್ವಾತಂತ್ರ್ಯ ಬಂದಿತು. ಅದರೊಡನೆ ಸರ್ಕಾರದ ಹಣವೂ ನಿಂತಿತು. 1993, 1994, 1995ರಲ್ಲಿ ಲೆವ್ಸ್ಕಿ ಸತತವಾಗಿ ಚಾಂಪಿಯನ್ ಆಯಿತು. 2006ರಲ್ಲಿ ಸ್ತಾನಿಮಿರ್ ಸ್ತೊಯಿಲೋವನ ತರಬೇತಿಯಲ್ಲಿ ಯು.ಇ.ಎಫ್.ಎ. ಕಪ್ಪಿನ ಕ್ವಾರ್ಟರ್ ಫೈನಲನ್ನು ಮುಟ್ಟಿ, ಅದೇ ವರ್ಷ ಚಾಂಪಿಯನ್ಸ್ ಲೀಗಿನ ಗುಂಪು ಹಂತವನ್ನು ಪ್ರವೇಶಿಸಿದ ಮೊದಲ ಬಲ್ಗೇರಿಯನ್ ತಂಡವೆನಿಸಿತು. ಅಲ್ಲಿ ಬಾರ್ಸಿಲೋನಾ, ಚೆಲ್ಸಿ, ವೆರ್ಡರ್ ಬ್ರೆಮೆನ್ ತಂಡಗಳೆದುರು ಆರಕ್ಕೆ ಆರೂ ಪಂದ್ಯಗಳನ್ನು ಸೋತು, ಹೊಡೆದ ಗೋಲು ಒಂದೇ ಒಂದು. ಶ್ರೀಮಂತ ಪಶ್ಚಿಮಕ್ಕೂ ಪೂರ್ವದ ಬಡ ಲೀಗುಗಳಿಗೂ ನಡುವಣ ಕಂದರದ ಆಳ ಅಲ್ಲಿ ತಿಳಿದುಬಂದಿತು. 2009ರಲ್ಲಿ ಇಪ್ಪತ್ತಾರನೆಯ ಚಾಂಪಿಯನ್ ಪಟ್ಟ ದೊರೆತ ಮೇಲೆ ಬರಗಾಲ ಆರಂಭವಾಯಿತು. ರಾಜ್‌ಗ್ರಾದ್ ಎಂಬ ಸಣ್ಣ ಊರಿನ ಲುದೊಗೊರೆಟ್ಸ್ ತಂಡ ಸಿರಿವಂತನೊಬ್ಬನ ಬಂಡವಾಳದ ಬಲದಿಂದ 2012ರಿಂದ 2025ರವರೆಗೆ ಸತತ ಹದಿನಾಲ್ಕು ಬಾರಿ ಪಟ್ಟವೇರಿತು.

ವೃತ್ತಿಯಿಂದ ವೈದ್ಯರಾದ ನಮಗೆ ಇಲ್ಲೊಂದು ಹೋಲಿಕೆ ತೋರುತ್ತದೆ. ದೇಹದ ಅಂಗವೊಂದಕ್ಕೆ ರಕ್ತ ಒಯ್ಯುವ ಧಮನಿ ಒಂದೇ ಆಗಿದ್ದರೆ, ಅದು ಥಟ್ಟನೆ ಮುಚ್ಚಿದಾಗ ಅಂಗ ಉಳಿಯುವುದು ಕಷ್ಟ. ಆದರೆ ಸುತ್ತಮುತ್ತ ಸಣ್ಣ ಸಣ್ಣ ರಕ್ತನಾಳಗಳು ಬೆಳೆದಿದ್ದರೆ, ದೊಡ್ಡದು ಕೆಟ್ಟರೂ ಅಂಗ ಬದುಕುತ್ತದೆ. ಲೆವ್ಸ್ಕಿಗೆ ಹಿಂದೆ ಸರ್ಕಾರವೊಂದೇ ಧಮನಿ. ತರುವಾಯ ಒಬ್ಬ ಮಾಲೀಕನ ತಿಜೋರಿಯೊಂದೇ ಧಮನಿ. 2020ರಲ್ಲಿ ಮಾಲೀಕರು ಕಾನೂನಿನ ತೊಡಕಿಗೆ ಸಿಲುಕಿ ಸಂಘವನ್ನು ಕೈಬಿಟ್ಟಾಗ, ಸಾಲದ ಹೊರೆ ಹೊತ್ತ ತಂಡ ಮುಳುಗುವ ಸ್ಥಿತಿಗೆ ಬಂದಿತು. ಆಗ ಕೈಹಿಡಿದವರು ಅಭಿಮಾನಿಗಳು. ತಮ್ಮ ತಮ್ಮ ಶಕ್ತ್ಯಾನುಸಾರ ಹಣ ಕೂಡಿಸಿದರು. 1994ರ ವಿಶ್ವಕಪ್ ತಂಡದಲ್ಲಿದ್ದ ಹಳೆಯ ಆಟಗಾರ ನಾಸ್ಕೊ ಸಿರಾಕೋವ್ ಸಂಘದ ಹೊಣೆ ಹೊತ್ತನು. ದುಬಾರಿ ಆಟಗಾರರನ್ನು ಬಿಟ್ಟುಕೊಟ್ಟು, ತರುಣರನ್ನು ನೆಚ್ಚಿ, ಖರ್ಚಿಗೆ ಕಡಿವಾಣ ಹಾಕಿದರು. 2022ರ ಮೇ 15ರಂದು ಕಪ್ ಫೈನಲಿನಲ್ಲಿ ಅದೇ ಸಿ.ಎಸ್.ಕೆ.ಎ. ತಂಡವನ್ನು 1-0ರಿಂದ ಸೋಲಿಸಿ, ಹದಿಮೂರು ವರ್ಷಗಳ ಬಳಿಕ ಮೊದಲ ಪ್ರಶಸ್ತಿಯನ್ನೆತ್ತಿತು. ತರಬೇತುದಾರ ಅದೇ ಸ್ತೊಯಿಲೋವ್.

ಈ ಚಿತ್ರದಲ್ಲಿ ಕಪ್ಪು ಕಲೆಗಳಿಲ್ಲವೆಂದಲ್ಲ. ಅಭಿಮಾನ ಅತಿಯಾದಾಗ ದ್ವೇಷವಾಗುತ್ತದೆ. ಸೋಫಿಯಾದ ಈ ಎರಡು ತಂಡಗಳ ಪಂದ್ಯವೆಂದರೆ ಇಂದಿಗೂ ಪೊಲೀಸರ ಬಿಗಿ ಪಹರೆ ಬೇಕು. ಆದರೂ ರಾಷ್ಟ್ರೀಯ ಲೀಗಿನ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿಯದ ಕೀರ್ತಿ ಲೆವ್ಸ್ಕಿಯದು. ಸೈನ್ಯದ ಬೆಂಬಲದಿಂದ ಬೆಳೆದ ಸಿ.ಎಸ್.ಕೆ.ಎ. ಸಹ 2015ರಲ್ಲಿ ಹಣದ ಮುಗ್ಗಟ್ಟಿನಿಂದ ಮೂರನೆಯ ದರ್ಜೆಗೆ ಇಳಿಯಬೇಕಾಯಿತು.

ನಮ್ಮ ವಿಚಾರ

ಸಂಘವೊಂದರ ಮೈದಾನ ಹೋಗಬಹುದು, ಆಟಗಾರರು ಹೋಗಬಹುದು, ಹಣ ಹೋಗಬಹುದು, ಕಾಗದಪತ್ರಗಳಲ್ಲಿ ಹೆಸರೂ ಅಳಿಯಬಹುದು. ಲೆವ್ಸ್ಕಿಯ ವಿಷಯದಲ್ಲಿ ಇವೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಆಗಿಹೋದುವು. ಉಳಿದುದು, ತಂದೆ ಮಗನ ಕೈಹಿಡಿದು ಮೈದಾನಕ್ಕೆ ಕರೆದೊಯ್ದು, ಇದು ನಮ್ಮ ತಂಡ, ಇದರ ನಿಜವಾದ ಹೆಸರು ಇದು ಎಂದು ಹೇಳಿಕೊಟ್ಟ ವಾಡಿಕೆ. 1985ರಿಂದ 1989ರವರೆಗೆ ಆ ಹೆಸರು ಬದುಕಿದ್ದುದು ಮನೆಯ ಮಾತಿನಲ್ಲಿ ಮಾತ್ರ.

ದೂರದೇಶಕ್ಕೆ ಬಂದು ನೆಲೆಸಿದ ನಮಗೂ ಇದು ಯೋಚಿಸಬೇಕಾದ ಸಂಗತಿ. ನಮ್ಮ ಹೆಸರನ್ನು ಇಲ್ಲಿ ಯಾವ ಸರ್ಕಾರವೂ ಕಿತ್ತುಕೊಂಡಿಲ್ಲ. ನಮ್ಮ ನುಡಿಗೆ ಯಾರೂ ನಿಷೇಧ ಹಾಕಿಲ್ಲ. ಹೀಗಿರುವಾಗ ಕನ್ನಡ ನಮ್ಮ ಮಕ್ಕಳ ನಾಲಗೆಯಿಂದ ಜಾರಿದರೆ ದೂರಲು ನಮಗೆ ಯಾವ ಕೇಂದ್ರ ಸಮಿತಿಯೂ ಸಿಗುವುದಿಲ್ಲ. ಒಬ್ಬಿಬ್ಬರು ಉದಾರ ದಾನಿಗಳನ್ನು ನೆಚ್ಚಿ ರಾಜ್ಯೋತ್ಸವ, ಯುಗಾದಿಗಳನ್ನು ವಿಜೃಂಭಣೆಯಿಂದ ನಡೆಸಬಹುದು. ಸಂಘ ಉಳಿಯುವುದು ಮಾತ್ರ ಪ್ರತಿಯೊಂದು ಮನೆಯೂ ಸಣ್ಣದೊಂದು ರಕ್ತನಾಳವಾಗಿ ದುಡಿದಾಗ. ಸೋಫಿಯಾದ ಪ್ರೌಢಶಾಲೆಯ ಆ ಹುಡುಗರು 1914ರ ಅಕ್ಷರ ಹಬ್ಬದಂದು ಆರಂಭಿಸಿದ ಕೆಲಸ ಇಂದಿಗೂ ನಡೆದುಬಂದಿರುವುದು ಹಾಗೆಯೇ.