ಋಣ ಮೊದಲು, ಉಡುಗೊರೆ ಆನಂತರ

ಕ್ರಿಸ್ತಜಯಂತಿ ಸಮೀಪಿಸಿದಂತೆ ಕೊಡುಗೆಯ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಅಂಚೆಯವನಿಗೆ, ಹಾಲು ತರುವವನಿಗೆ, ಮನೆಗೆಲಸದಾಕೆಗೆ ಏನಾದರೂ ಕೊಡುವುದು ನಮ್ಮಲ್ಲಿ ರೂಢಿ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಹೊಸಬನೊಬ್ಬ ಸೇರಿದ್ದಾನೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೋದ ತಂದೆತಾಯಿಯರು ಅವರೊಡನೆ ಮಯಾಮಿಯಿಂದ ಕೆರಿಬಿಯನ್ ದ್ವೀಪಗಳತ್ತ ಪ್ರವಾಸಿ ಹಡಗನ್ನೇರುವುದುಂಟು. ಹಡಗಿನ ಕೆಲಸಗಾರರಿಗೆ ಹಬ್ಬಕ್ಕೆ ಏನು ಕೊಡಬೇಕು? ಬಿಲ್ಲಿನಲ್ಲಿ ಕಾಣುವ ಟಿಪ್ಸ್ ಹಣವನ್ನು ಕೊಡಲೇಬೇಕೆ? ಈ ಪ್ರಶ್ನೆಗಳು ನಮಗೆ ಹೊರಗಿನವಲ್ಲ. ಕರಾವಳಿಯ, ಗೋವೆಯ ಎಷ್ಟೋ ಕಥೋಲಿಕ ಮನೆಗಳು ಅಂತಹ ಹಡಗುಗಳಲ್ಲಿ ದುಡಿಯುವ ಮಕ್ಕಳ ಗಳಿಕೆಯಿಂದಲೇ ನಡೆಯುತ್ತಿವೆ.

ಮೊದಲು ವ್ಯವಸ್ಥೆಯನ್ನು ಅರಿಯೋಣ. ಹಿಂದೆ ಪ್ರಯಾಣದ ಕೊನೆಯ ರಾತ್ರಿ ಪ್ರಯಾಣಿಕರು ಕೋಣೆಯ ಸ್ಟೀವರ್ಡನಿಗೂ ಊಟ ಬಡಿಸಿದ ವೇಟರನಿಗೂ ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಿದ್ದರು. 2000ದ ಆಸುಪಾಸಿನಿಂದ, ದಿನವೂ ಒಂದೇ ಮೇಜಿನಲ್ಲಿ ಉಣ್ಣುವ ಪದ್ಧತಿ ಸಡಿಲವಾದಂತೆ, ಕಂಪನಿಗಳು ತಲೆಗೆ ದಿನಕ್ಕೆ ಇಷ್ಟೆಂದು ಪ್ರಯಾಣಿಕರ ಖಾತೆಗೇ ಅದನ್ನು ಹಾಕತೊಡಗಿದವು. ಇಂದು ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಧಾರಣ ಕೋಣೆಯವರಿಗೆ ಇದು ಸುಮಾರು 16ರಿಂದ 20 ಡಾಲರ್. 17 ಡಾಲರ್ ಎಂದು ಹಿಡಿದರೂ ನಾಲ್ವರ ಕುಟುಂಬಕ್ಕೆ 7 ದಿನಗಳಿಗೆ 476 ಡಾಲರ್ ಆಗುತ್ತದೆ. ಸಣ್ಣ ಮೊತ್ತವಲ್ಲ. ಅನೇಕ ಹಡಗುಗಳಲ್ಲಿ ಕೌಂಟರಿಗೆ ಹೋಗಿ ಇದನ್ನು ಕಡಿಮೆ ಮಾಡಿಸಲು ಅಥವಾ ತೆಗೆಸಲು ಅವಕಾಶವೂ ಇದೆ. ಹಾಗೆ ತೆಗೆಸಿ, ಕೊನೆಯ ದಿನ ಒಂದು ಚಾಕಲೇಟು ಡಬ್ಬಿ ಕೊಟ್ಟು ತೃಪ್ತರಾಗುವವರಿದ್ದಾರೆ.

ಈ ತೃಪ್ತಿ ನ್ಯಾಯವೇ? ಆ ಹಣವನ್ನು ಪಡೆಯುವವನ ಬದುಕನ್ನು ನೋಡಬೇಕು. ಸ್ಟೀವರ್ಡನಾದವನು ಹದಿನೈದು ಇಪ್ಪತ್ತು ಕೋಣೆಗಳನ್ನು ಅಣಿಗೊಳಿಸುತ್ತಾನೆ. ವಾರದ ಏಳು ದಿನವೂ ಕೆಲಸ, ದಿನಕ್ಕೆ ಹತ್ತು ಹನ್ನೆರಡು ತಾಸು. ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅದು ಮುಗಿದು ಊರಿಗೆ ಬಂದು ಕುಳಿತ ತಿಂಗಳುಗಳಿಗೆ ಬಹುತೇಕರಿಗೆ ಸಂಬಳವಿಲ್ಲ. 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಇರಬೇಕೆನ್ನುತ್ತದೆ. ಕಾನೂನು ಇಷ್ಟನ್ನು ಬರೆದಿಡಬೇಕಾಯಿತೆಂಬುದರಿಂದಲೇ ದುಡಿಮೆಯ ಭಾರ ತಿಳಿಯುತ್ತದೆ. ಇಂತಹವನ ಆದಾಯದಲ್ಲಿ ಟಿಪ್ಸ್ ಹಣದ ಪಾಲು ದೊಡ್ಡದು. ಅನೇಕ ಕಂಪನಿಗಳಲ್ಲಿ ಅದರ ಒಂದಂಶವು, ನಮ್ಮ ಕಣ್ಣಿಗೆ ಬೀಳದೆ ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವಲ್ಲಿ ದುಡಿಯುವವರಿಗೂ ಸಲ್ಲುತ್ತದೆ. ಎದುರಿಗೆ ಬಂದವನ ಕೈಗಷ್ಟೇ ನೋಟು ಇಟ್ಟರೆ ಅವರ ಪಾಲು ತಪ್ಪುತ್ತದೆ.

ಸಂತ ತೋಮಾಸ್ ಅಕ್ವಿನಾಸರು ಇಲ್ಲಿ ನಮಗೆ ನೆರವಾಗುತ್ತಾರೆ. ನ್ಯಾಯವೆಂದರೆ ಪರರದ್ದನ್ನು ಪರರಿಗೆ ಸಲ್ಲಿಸುವುದು. ಔದಾರ್ಯವೆಂದರೆ ನಮ್ಮದನ್ನು ಕೊಡುವುದು ಎಂಬ ಭೇದವನ್ನು ಅವರು ಸ್ಪಷ್ಟಪಡಿಸಿದರು. ಹೆಸರಿನಲ್ಲಿ ಭಕ್ಷೀಸಾದರೂ ಪ್ರವಾಸಿ ಹಡಗಿನ ಈ ಹಣ ವಾಸ್ತವದಲ್ಲಿ ಕೂಲಿಯ ಭಾಗ. ಕೂಲಿಯನ್ನು ತಡೆಹಿಡಿದು ಉಡುಗೊರೆ ಕೊಟ್ಟರೆ ಔದಾರ್ಯವೂ ಉಳಿಯದು, ನ್ಯಾಯವೂ ಉಳಿಯದು.

ಪೂರ್ಣ ಸಂಬಳವನ್ನು ಕಂಪನಿಯೇ ಏಕೆ ಕೊಡಬಾರದು ಎಂದು ಕೇಳಬಹುದು. ಆಕ್ಷೇಪಣೆ ಸರಿಯಾದುದೇ. ನ್ಯಾಯಯುತ ಕೂಲಿ ಕೊಡುವುದು ಯಜಮಾನನ ಹೊಣೆಯೆಂದು ಹದಿಮೂರನೆಯ ಲಿಯೋ ಪೋಪರು 1891ರಷ್ಟು ಹಿಂದೆಯೇ ಬೋಧಿಸಿದ್ದಾರೆ. ಬ್ರಿಟನ್ನಿನ ಕೆಲವು ಕಂಪನಿಗಳು ಟಿಪ್ಸನ್ನು ಟಿಕೆಟ್ ದರದಲ್ಲೇ ಸೇರಿಸಿವೆ. ಅಂತಹವನ್ನು ಆರಿಸಿಕೊಳ್ಳೋಣ, ಇತರ ಕಂಪನಿಗಳಿಗೆ ಪತ್ರ ಬರೆದು ಒತ್ತಾಯಿಸೋಣ. ಆದರೆ ಕೌಂಟರಿನಲ್ಲಿ ಹಣ ತೆಗೆಸಿದರೆ ಪೆಟ್ಟು ಬೀಳುವುದು ಕೆಲಸಗಾರನಿಗೆ. ವ್ಯವಸ್ಥೆಯ ದೋಷಕ್ಕೆ ಬಡವನಿಗೆ ದಂಡ ವಿಧಿಸುವುದು ಸಲ್ಲದು. ಆ ಮೊತ್ತವನ್ನು ಭರಿಸಲಾರೆವಾದರೆ ಟಿಕೆಟ್ ಕೊಳ್ಳುವ ಮೊದಲೇ ಲೆಕ್ಕ ಹಾಕಿ, ಚಿಕ್ಕ ಪ್ರವಾಸವನ್ನು ಆರಿಸಿಕೊಳ್ಳುವುದು ಲೇಸು.

ಋಣ ತೀರಿದ ಮೇಲೆ ಉಡುಗೊರೆಯ ಸಂತೋಷವಿದೆ. ಲಕೋಟೆಯಲ್ಲಿ ಸ್ವಲ್ಪ ಹಣ, ಜೊತೆಗೆ ನಿಮ್ಮ ಕೈಬರಹದ ಎರಡು ಸಾಲು ಎಲ್ಲಕ್ಕಿಂತ ಮೇಲು. ಕೆಲಸಗಾರನ ಕೋಣೆ ಪುಟ್ಟದು, ಸಾಮಾನ್ಯವಾಗಿ ಮತ್ತೊಬ್ಬನೊಡನೆ ಹಂಚಿಕೊಂಡದ್ದು. ಭಾರದ ವಸ್ತುಗಳು ಅವನಿಗೆ ಹೊರೆ. ನಮ್ಮ ಮನೆಯ ಕುಸ್ವಾರ್ ಎಷ್ಟೇ ರುಚಿಯಾಗಿದ್ದರೂ ಮನೆಯಲ್ಲಿ ಮಾಡಿದ ತಿಂಡಿಗೆ ಹಡಗಿನಲ್ಲಿ ಸಾಮಾನ್ಯವಾಗಿ ಅನುಮತಿಯಿಲ್ಲ. ಮುದ್ರೆ ಒಡೆಯದ ಮಿಠಾಯಿಯಾದರೆ ಆಗಬಹುದು. ಪ್ರಯಾಣದ ಕೊನೆಗೆ ಅಭಿಪ್ರಾಯ ಕೇಳುವಾಗ ಅವನ ಹೆಸರನ್ನು ಬರೆಯಲು ಮರೆಯದಿರಿ. ಖರ್ಚಿಲ್ಲದ ಈ ಒಂದು ಮಾತು ಅವನ ಬಡ್ತಿಗೆ ಸಹಾಯವಾಗಬಲ್ಲದು. ಇನ್ನೊಂದು ಮಾತು: ಹಣದ ಬದಲು ಪ್ರಾರ್ಥನೆಯ ಚೀಟಿಯನ್ನಿಟ್ಟು ಬರಬೇಡಿ. ಪ್ರಾರ್ಥನೆಯನ್ನು ಹಾಗೆ ಅಗ್ಗಗೊಳಿಸಬಾರದು.

ಕಡಲ ಕೆಲಸಗಾರರ ಸೇವೆಗಾಗಿ 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾಗಿ ಇಂದು ಸ್ಟೆಲ್ಲಾ ಮಾರಿಸ್ ಎಂಬ ಹೆಸರಿನಿಂದ ನಡೆಯುತ್ತಿರುವ ಸಂಸ್ಥೆಯು ಕ್ರಿಸ್ತಜಯಂತಿಯ ದಿನಗಳಲ್ಲಿ ಬಂದರುಗಳಲ್ಲಿ ನಾವಿಕರಿಗೆ ಉಡುಗೊರೆಗಳನ್ನು ಮುಟ್ಟಿಸುತ್ತದೆ. ಪ್ರಯಾಣಿಕರ ರಜೆಯೇ ಕೆಲಸಗಾರರಿಗೆ ಅತಿ ಹೆಚ್ಚಿನ ದುಡಿಮೆಯ ಕಾಲ. ಅಂದು ಮೇಜಿನ ಬಳಿ ನಗುಮುಖದಿಂದ ನಿಂತವನ ತಾಯಿಯೂ ಎಲ್ಲೋ ಒಂದು ಊರಿನಲ್ಲಿ ಗೋದಲಿಯ ಮುಂದೆ ದೀಪ ಹಚ್ಚಿ ಅವನ ಫೋನಿಗಾಗಿ ಕಾದಿರುತ್ತಾಳೆ. ಆ ತಾಯಿಗೆ ಸಲ್ಲಬೇಕಾದುದನ್ನು ಸಲ್ಲಿಸಿಯೇ ಹಡಗಿನಿಂದ ಇಳಿಯೋಣ.